ದಂಡು ಹಾದುಹೋದ ಊರು: ಶಾಲೆಯಲ್ಲಿ ಯುದ್ಧದ ಪಾಠ



ಹಳ್ಳಿಯ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಮೇಷ್ಟರೊಬ್ಬರ ಹೆಸರಿನಲ್ಲಿ ಇಟ್ಟ ದತ್ತಿ ಇದು. ಆದ್ದರಿಂದ ವಿದ್ವಾಂಸರ ನಡುವೆಯೇ ಉಳಿಯುವ ಚರ್ಚೆಯನ್ನು ಬಿಟ್ಟು, ನಾಳೆಯ ತರಗತಿಗೆ ಒದಗುವ ವಿಷಯವನ್ನು ಆರಿಸಿಕೊಂಡಿದ್ದೇನೆ. ಕಂಪನಿ ಸರ್ಕಾರದ ಕಾಲದ ಯುದ್ಧಗಳನ್ನು, ಆ ಕಾಲದ ಜನ ಬದುಕಿದ ರೀತಿಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದು ಇಂದಿನ ಪ್ರಶ್ನೆ. ಉದಾಹರಣೆಗೆ ದೂರ ಹೋಗಬೇಕಿಲ್ಲ. 1767ರಿಂದ 1799ರವರೆಗೆ ನಡೆದ ನಾಲ್ಕು ಮೈಸೂರು ಯುದ್ಧಗಳು ನಮ್ಮ ಹೊಲಗದ್ದೆಗಳ ಮೇಲೆಯೇ ಹಾದುಹೋಗಿವೆ.

ಈ ಯುದ್ಧಗಳನ್ನು ನಾವು ಹೇಗೆ ಪಾಠ ಮಾಡುತ್ತೇವೆಂದು ನಿಮಗೆ ಹೇಳಬೇಕಾಗಿಲ್ಲ. ಕಪ್ಪುಹಲಗೆಯ ಮೇಲೆ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಶೀರ್ಷಿಕೆ. ಕೆಳಗೆ ಇಸವಿ, ಸೇನಾಪತಿಯ ಹೆಸರು, ಒಪ್ಪಂದದ ಹೆಸರು. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಬೇಸಿಗೆ ರಜೆಯಲ್ಲಿ ಮರೆಯುತ್ತಾರೆ. ಜನಜೀವನ ಎಂಬುದು ಬೇರೆಯೇ ಅಧ್ಯಾಯ. ಅಲ್ಲಿ ಬೆಳೆ, ಕಸುಬು, ಉಡುಗೆ, ಹಬ್ಬ ಬರುತ್ತವೆ. ಯುದ್ಧದ ಸುದ್ದಿ ಬರುವುದಿಲ್ಲ. ಹೀಗೆ ಬೇರೆ ಮಾಡಿದ್ದರಿಂದ ಎರಡೂ ಕೆಟ್ಟಿವೆ ಎಂಬುದು ನನ್ನ ವಾದ. ದಂಡು ಏನು ತಿಂದಿತು, ಅದು ಯಾರ ಹೊಲದಿಂದ ಬಂತು, ಯಾರ ಬೆನ್ನ ಮೇಲೆ ಬಂತು ಎಂದು ಕೇಳದೆ ಆ ಯುದ್ಧಗಳ ಒಂದು ಸೋಲು ಗೆಲುವೂ ಅರ್ಥವಾಗುವುದಿಲ್ಲ.

ಗೆದ್ದವನು ಹಿಂದಿರುಗಿದ್ದೇಕೆ?

ಮೂರನೆಯ ಮೈಸೂರು ಯುದ್ಧದ ಒಂದು ತುಣುಕನ್ನು ನೋಡೋಣ. 1791ರ ಮಾರ್ಚ್ 7ರಂದು ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಪೇಟೆಯನ್ನು ಹಿಡಿಯಿತು. 21ರ ರಾತ್ರಿ ಕೋಟೆಗೆ ನುಗ್ಗಿತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಮೇ ತಿಂಗಳ ಮೊದಲ ವಾರ ದಂಡು ಶ್ರೀರಂಗಪಟ್ಟಣದ ಕಡೆ ಹೊರಟಿತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಗೆದ್ದವನು ಕಾರ್ನ್‌ವಾಲಿಸನೇ. ರಾಜಧಾನಿ ಕೈಗೆಟಕುವಷ್ಟು ಹತ್ತಿರವಿತ್ತು. ಆದರೂ ಆ ತಿಂಗಳು ಮುಗಿಯುವ ಮೊದಲೇ ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿ ಬೆಂಗಳೂರಿನ ದಾರಿ ಹಿಡಿದ.

ಇಲ್ಲಿಗೆ ಪಾಠ ನಿಲ್ಲಿಸಿ ಮಕ್ಕಳನ್ನು ಕೇಳಿ: ಗೆದ್ದವನು ಯಾಕೆ ಹಿಂದಿರುಗಿದ? ಪುಸ್ತಕದಲ್ಲಿ ಸಿದ್ಧ ಉತ್ತರ ಸಿಗದ ಪ್ರಶ್ನೆ ಇದು. ಆದರೆ ದನ ಕಟ್ಟಿದ ಮನೆಯ ಮಗು ಉತ್ತರದ ಹತ್ತಿರ ತಾನೇ ಬರುತ್ತದೆ. ಮೇ ತಿಂಗಳಲ್ಲಿ ಬಯಲಿನಲ್ಲಿ ಹಸಿರು ಹುಲ್ಲು ಎಲ್ಲಿರುತ್ತದೆ? ಇದ್ದ ಮೇವನ್ನೂ ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಸುಟ್ಟಿದ್ದರು. ಕೋಟೆ ಒಡೆಯುವ ಒಂದೊಂದು ಕಬ್ಬಿಣದ ಫಿರಂಗಿ ಎರಡು ಟನ್ನಿಗೂ ಮಿಕ್ಕಿ ತೂಗುತ್ತಿತ್ತು. ಅದನ್ನು ಎಳೆಯಬೇಕಾದ ಎತ್ತುಗಳು ಹಸಿವಿಗೂ ರೋಗಕ್ಕೂ ಸಿಕ್ಕಿ ಸಾಲುಸಾಲಾಗಿ ಸತ್ತವು. ಕೆಲವೆಡೆ ಸಿಪಾಯಿಗಳೇ ಹಗ್ಗ ಹಿಡಿದು ಫಿರಂಗಿ ಎಳೆದರು. ಮೇಲೆ ಮಳೆ ಹಿಡಿಯಿತು. ಸೈನಿಕರ ಅಕ್ಕಿಯೂ ಮುಗಿಯುತ್ತ ಬಂದಿತ್ತು.

ಬೇಕಾದರೆ ಇದನ್ನೇ ಗಣಿತದ ಪಾಠ ಮಾಡಿ. ಒಂದು ಎತ್ತಿಗೆ ದಿನಕ್ಕೆ ಎಷ್ಟು ಹುಲ್ಲು ಬೇಕೆಂದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ಹತ್ತು ಕಿಲೋ ಎಂದು ಹಿಡಿದರೂ ಹತ್ತು ಸಾವಿರ ಎತ್ತಿಗೆ ದಿನಕ್ಕೆ ನೂರು ಟನ್ ಆಯಿತು. ಅಷ್ಟು ಹುಲ್ಲು ಎಷ್ಟು ಗಾಡಿ? ಎಷ್ಟು ಊರಿನ ಬಣವೆ? ಬಣವೆ ಕಳೆದುಕೊಂಡ ರೈತ ಮಳೆ ಬಂದಾಗ ತನ್ನ ಎತ್ತಿಗೆ ಏನು ಹಾಕಿ ಉಳುಮೆ ಮಾಡಿದ? ಈ ಮೂರನೆಯ ಪ್ರಶ್ನೆಗೆ ಬಂದಾಗ ಯುದ್ಧದ ಅಧ್ಯಾಯವೂ ಜನಜೀವನದ ಅಧ್ಯಾಯವೂ ಒಂದಾಗಿರುತ್ತವೆ.

ಹಿಂದಿರುಗುವ ದಾರಿಯಲ್ಲಿ ಕಾರ್ನ್‌ವಾಲಿಸನಿಗೆ ಮಿತ್ರಪಕ್ಷದ ಮರಾಠಾ ಸೈನ್ಯ ಎದುರಾಯಿತು. ಅವರ ಪಾಳೆಯದ ಬಜಾರಿನಲ್ಲಿ ಕಾಳುಕಡಿ ಹೇರಳವಾಗಿತ್ತು, ಬೆಲೆ ಮಾತ್ರ ವಿಪರೀತ. ಹಸಿದ ದಂಡು ಕೊಂಡು ತಿಂದಿತು. ಗವರ್ನರ್ ಜನರಲ್ಲನ ಸೈನ್ಯ ಆ ವಾರ ಬದುಕಿದ್ದು ವ್ಯಾಪಾರಿಗಳ ದಯೆಯಿಂದ ಎಂದರೆ ಮಕ್ಕಳು ನಗುತ್ತಾರೆ. ನಗಲಿ, ನಕ್ಕಿದ್ದು ನೆನಪಿರುತ್ತದೆ.

ದಂಡಿನ ಜೊತೆ ನಡೆದವರು

ಸೈನ್ಯ ಎಂದಾಕ್ಷಣ ಮಕ್ಕಳ ಕಣ್ಣಿಗೆ ಬರುವುದು ಕೆಂಪು ಅಂಗಿ, ಬಂದೂಕು, ಕುದುರೆ. ಆದರೆ ಅಂದಿನ ಯಾವ ದಂಡಿನಲ್ಲೂ ಹೋರಾಡುವವರಿಗಿಂತ ಹೋರಾಡದವರೇ ಹೆಚ್ಚು. ಒಂದು ಕುದುರೆಗೆ ಅದನ್ನು ಉಜ್ಜಿ ನೋಡಿಕೊಳ್ಳುವವನು ಒಬ್ಬ, ಹುಲ್ಲು ಕೊಯ್ದು ತರುವವನು ಇನ್ನೊಬ್ಬ. ಚರ್ಮದ ಚೀಲದಲ್ಲಿ ನೀರು ಹೊರುವವರು, ಡೋಲಿ ಹೊರುವ ಬೋವಿಗಳು, ಅಗಸರು, ಕ್ಷೌರಿಕರು, ಕಮ್ಮಾರರು, ಬಡಗಿಗಳು, ಅಂಗಡಿಕಾರರು, ಸಿಪಾಯಿಗಳ ಹೆಂಡಿರು ಮಕ್ಕಳು. ಒಂದು ಪಟ್ಟಣವೇ ಎದ್ದು ನಡೆದಂತೆ ದಂಡು ನಡೆಯುತ್ತಿತ್ತು. ಅದು ರಾತ್ರಿ ತಂಗಿದ ಊರಿನ ಬಾವಿ, ತೋಪು, ಸೌದೆ, ಕೋಳಿ, ಕುರಿಗಳ ಗತಿ ಏನಾಗಿರಬೇಕೆಂದು ಮಕ್ಕಳೇ ಊಹಿಸಲಿ.

ದಂಡಿನ ಜೊತೆಗಿದ್ದ ಎರಡು ಗುಂಪಿನವರ ಬಗ್ಗೆ ನಿಂತು ಹೇಳಬೇಕು. ಮೊದಲನೆಯವರು ಲಂಬಾಣಿಗಳು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೀಮೆಯಿಂದ ಸೀಮೆಗೆ ತಿರುಗುತ್ತಿದ್ದ ಈ ವ್ಯಾಪಾರಿಗಳಿಲ್ಲದೆ ದಖ್ಖನ್ನಿನಲ್ಲಿ ಯಾವ ದೊಡ್ಡ ಸೈನ್ಯವೂ ಬಹಳ ದಿನ ನಿಲ್ಲುತ್ತಿರಲಿಲ್ಲ. ಹಸಿದು ಹಿಂದಿರುಗಿದ ಮೇಲೆ ಕಂಪನಿ ಪಾಠ ಕಲಿಯಿತು. ಅಲೆಗ್ಸಾಂಡರ್ ರೀಡ್ ಎಂಬ ಕ್ಯಾಪ್ಟನ್ನನ ಮೂಲಕ ಲಂಬಾಣಿ ನಾಯಕರ ಜೊತೆ ಕರಾರು ಮಾಡಿಕೊಂಡು ಧಾನ್ಯದ ಸರಬರಾಜನ್ನು ಭದ್ರಪಡಿಸಿಕೊಂಡಿತು. 1792ರ ಫೆಬ್ರವರಿಯಲ್ಲಿ ಅದೇ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುಂದೆ ಗಟ್ಟಿಯಾಗಿ ನಿಂತದ್ದಕ್ಕೆ ಇದೂ ಒಂದು ಕಾರಣ. ತಾಂಡಾದಿಂದ ಶಾಲೆಗೆ ಬರುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ತಮ್ಮ ಹಿರಿಯರ ಕಸುಬು ಇತಿಹಾಸದ ಗತಿಯನ್ನು ತಿರುಗಿಸಿತ್ತು ಎಂಬುದು ಅವರಿಗೆ ಗೊತ್ತಾಗಬೇಡವೇ? ಶತ್ರುವಿಗೆ ಕಾಳು ಮಾರಿದವರು ಎಂದು ಯಾರಾದರೂ ಹಂಗಿಸಿದರೆ, ಅದೇ ಪಕ್ಷದಲ್ಲಿ ಮರಾಠರೂ ಹೈದರಾಬಾದಿನ ನಿಜಾಮನೂ ಇದ್ದರೆಂದು ಶಿಕ್ಷಕರು ಕೂಡಲೇ ನೆನಪಿಸಬೇಕು.

ಎರಡನೆಯವರು ಕಂಪನಿಯ ಸಿಪಾಯಿಗಳು. ಬ್ರಿಟಿಷ್ ಸೈನ್ಯ ಎಂದು ನಾವು ಹೇಳುವ ದಂಡಿನಲ್ಲಿ ಯುರೋಪಿಯನ್ನರು ಕಡಿಮೆ. ಹೆಚ್ಚಿನವರು ಮದರಾಸು ಸೀಮೆಯಲ್ಲಿ ಸೇರಿಸಿಕೊಂಡ ತಮಿಳು, ತೆಲುಗು ಮಾತಾಡುವ ಸಿಪಾಯಿಗಳು. ಟಿಪ್ಪುವಿನ ಕಡೆಯೂ ಫ್ರೆಂಚರಿದ್ದರು. ಆ ಕಡೆ ಬಿಳಿಯರು, ಈ ಕಡೆ ನಮ್ಮವರು ಎಂಬ ಗೆರೆ ಆ ರಣರಂಗದಲ್ಲಿ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ವಿವರಿಸಿದರೆ ವಸಾಹತು ಆಳ್ವಿಕೆ ಹೇಗೆ ಬೇರುಬಿಟ್ಟಿತೆಂಬುದರ ಅರ್ಧ ಪಾಠ ಮುಗಿದಂತೆ.

ಮೈಸೂರಿನ ಕಡೆಗೂ ತನ್ನದೇ ಬಲವಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಹೈದರನ ಕೈಯಲ್ಲಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎಂಬ ಹೆಸರು ಪಡೆಯಿತು. ದನಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಫಿರಂಗಿ ಎಳೆಯುವ ಚುರುಕು ಎತ್ತುಗಳನ್ನು ಬೆಳೆಸುತ್ತಿದ್ದರು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಕಡೆಯ ಮಕ್ಕಳಿಗೆ ಕಾವಲು ಎಂದರೆ ಗೊತ್ತು. ಕೆಲವರ ಊರಿನ ಹೆಸರಲ್ಲೇ ಅದು ಸೇರಿದೆ. ಅಜ್ಜಂಪುರದಲ್ಲಿ ಇಂದಿಗೂ ಆ ತಳಿಯನ್ನು ಸಾಕುತ್ತಾರೆ. ಯುದ್ಧದ ಪಾಠಕ್ಕೆ ಇದಕ್ಕಿಂತ ಜೀವಂತ ಸಾಕ್ಷಿ ಎಲ್ಲಿ ಸಿಗುತ್ತದೆ?

ಹೊಳೆ ಕೊಟ್ಟ ಗಡುವು

ಶ್ರೀರಂಗಪಟ್ಟಣ ಬಿದ್ದ 1799ರ ಮೇ 4 ಎಂಬ ತಾರೀಖು ಎಲ್ಲ ಮಕ್ಕಳಿಗೂ ಬಾಯಿಪಾಠ. ಆ ದಿನವೇ ಯಾಕೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಆ ವರ್ಷ ಜನರಲ್ ಹ್ಯಾರಿಸ್‌ನ ದಂಡು ಲಕ್ಷದ ಲೆಕ್ಕದಲ್ಲಿ ಎತ್ತುಗಳನ್ನು ಕಟ್ಟಿಕೊಂಡು ಬಂತು. ಮಳವಳ್ಳಿಯ ಕಾಳಗವಾದ ಮೇಲೆ, ಮೇವು ಸುಟ್ಟ ದಾರಿಯನ್ನು ತಪ್ಪಿಸಿ ಸೋಸಲೆಯ ಬಳಿ ಕಾವೇರಿ ದಾಟಿತು. ಏಪ್ರಿಲ್ ನಡುವಿನ ಹೊತ್ತಿಗೆ ಪಾಳೆಯದ ಅಕ್ಕಿ ಲೆಕ್ಕ ಹಾಕಿದರೆ, ಅರ್ಧ ಹೊಟ್ಟೆಗೆ ಕೊಟ್ಟರೂ ಮೂರು ವಾರಕ್ಕೆ ಸಾಲದು ಎಂದಾಯಿತು. ಇನ್ನೊಂದೆಡೆ ಕೊಡಗಿನ ಮಳೆ. ಜೂನ್ ಬಂತೆಂದರೆ ಹೊಳೆ ತುಂಬುತ್ತದೆ; ತುಂಬಿದ ಮೇಲೆ ದ್ವೀಪದ ಕೋಟೆಗೆ ನಡೆದು ಹೋಗುವ ಮಾತಿಲ್ಲ.

ಹೀಗೆ ಖಾಲಿಯಾಗುವ ಅಕ್ಕಿಮೂಟೆ ಒಂದು ಗಡುವು, ತುಂಬಲಿರುವ ಹೊಳೆ ಇನ್ನೊಂದು ಗಡುವು. ಕೋಟೆಯೊಳಗಿದ್ದವರೂ ಇದೇ ಲೆಕ್ಕ ಹಾಕಿ ಮಳೆಗೆ ಕಾದಿದ್ದರು. ಗೋಡೆಯಲ್ಲಿ ಬಿರುಕು ತೆರೆದ ಮರುದಿನ, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ನೀರು ಕಡಿಮೆಯಿದ್ದ ಕಲ್ಲು ಹಾಸಿನ ಹೊಳೆಯನ್ನು ದಾಟಿ ಕಂಪನಿಯ ಸೇನಾನಿ ಬೇರ್ಡ್‌ನ ತುಕಡಿಗಳು ಕೋಟೆ ಹತ್ತಿದವು. ಸಂಜೆಯೊಳಗೆ ಟಿಪ್ಪು ಸತ್ತಿದ್ದ. ಆ ರಾತ್ರಿ ಪಟ್ಟಣದ ಮನೆಗಳ ಲೂಟಿ ನಡೆಯಿತು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ತನ್ನದೇ ಸೈನ್ಯದ ಕೆಲವರನ್ನು ನೇಣಿಗೇರಿಸಿ ಅದನ್ನು ತಹಬಂದಿಗೆ ತರಬೇಕಾಯಿತು. ಕೋಟೆಯ ಪತನ ಪುಸ್ತಕದಲ್ಲಿ ಒಂದು ಸಾಲು. ಕೋಟೆಯೊಳಗೆ ಮನೆ ಮಾಡಿಕೊಂಡಿದ್ದವರಿಗೆ ಅದು ಒಂದು ರಾತ್ರಿ, ಮತ್ತು ಆ ರಾತ್ರಿಯ ನಂತರದ ಹಲವು ವರ್ಷ.

ಮನೆ ಎಣಿಸುವ ಲೆಕ್ಕ

ಆ ವರ್ಷಗಳ ಬಗ್ಗೆ ಹೇಳಲು ನಮ್ಮ ಕೈಲಿ ಒಂದು ಒಳ್ಳೆಯ ಆಧಾರವಿದೆ. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ಸರ್ಕಾರ ಮದರಾಸಿನಿಂದ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಉದ್ದಕ್ಕೂ ಸುತ್ತಿ ಬರಲು ಕಳಿಸಿತು. ಅವನ ಪ್ರವಾಸದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರಾಗಿ ಬಿತ್ತುವ ಕ್ರಮ, ನೇಕಾರರ ಮಗ್ಗ, ಮಾಗಡಿ ಕಡೆಯ ಉಕ್ಕಿನ ಕುಲುಮೆ, ಸಂತೆಯ ಸರಕು ಎಲ್ಲವನ್ನೂ ಅವನು ಬರೆದಿಟ್ಟ. ಅವನು ಆಳುವವರ ಕಡೆಯ ಮನುಷ್ಯ. ಟಿಪ್ಪುವಿನ ಆಡಳಿತವನ್ನು ಹಳಿಯುವುದರಲ್ಲಿ ಅವನಿಗೆ ಆಸಕ್ತಿಯಿತ್ತು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಹೇಳಿದ ಮೇಲೆ ಅವನ ಅಂಕಿಗಳ ಮೇಲೆ ಕೆಲಸ ಮಾಡಿಸಬೇಕು.

ಶ್ರೀರಂಗಪಟ್ಟಣದ ಬಗ್ಗೆ ಅವನು ಕೊಡುವ ಲೆಕ್ಕ ಹೀಗಿದೆ: ಕೋಟೆಯೊಳಗೆ 4,163 ಮನೆ, 5,499 ಕುಟುಂಬ. ಪಕ್ಕದ ಶಹರ್ ಗಂಜಾಂನಲ್ಲಿ 2,216 ಮನೆ, 3,335 ಕುಟುಂಬ. ಮನೆಗೆ ಐದು ಜನ ಎಂದು ಹಿಡಿದು ಅವನು ಒಟ್ಟು 31,895 ಎಂದು ತೀರ್ಮಾನಿಸುತ್ತಾನೆ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬುದೂ ಅವನದೇ ಅಂದಾಜು.

ಈ ಅಂಕಿಗಳನ್ನು ಏಳನೆಯ ತರಗತಿಯ ಹಲಗೆಯ ಮೇಲೆ ಬರೆದರೆ ಏನಾಗುತ್ತದೆ ನೋಡಿ. ಮಕ್ಕಳು ಗುಣಿಸಿ 31,895 ಸರಿ ಎನ್ನುತ್ತಾರೆ. ಅಷ್ಟರಲ್ಲಿ ಒಬ್ಬಳು ಏಳುತ್ತಾಳೆ: ಒಂದು ಮನೆಯಲ್ಲಿ ಎರಡು ಕುಟುಂಬ ಇದ್ದರೆ ಐದೇ ಜನ ಹೇಗಾಗುತ್ತಾರೆ ಮಿಸ್? ಸರಿ, ಕುಟುಂಬಕ್ಕೆ ಐದು ಜನ ಎಂದು ಗುಣಿಸಿ ನೋಡೋಣ. ಉತ್ತರ 44,170. ಅದೇ ದಾಖಲೆ, ಅದೇ ಪಟ್ಟಣ, ಆದರೆ ಹನ್ನೆರಡು ಸಾವಿರಕ್ಕೂ ಮಿಕ್ಕಿದ ವ್ಯತ್ಯಾಸ. ಯಾವುದು ಸರಿ ಎಂದು ತೀರ್ಪು ಕೊಡುವ ಅವಸರ ಬೇಡ. ಅಚ್ಚಾದ ಅಂಕಿಯ ಹಿಂದೆ ಒಬ್ಬ ಮನುಷ್ಯನ ಊಹೆಯಿದೆ ಎಂದು ಮಗು ತಾನೇ ಕಂಡುಕೊಂಡಿತಲ್ಲ, ಇತಿಹಾಸದ ಪಾಠವೆಂದರೆ ಅದೇ. ಯಾವ ಲೆಕ್ಕ ಹಿಡಿದರೂ ರಾಜಧಾನಿ ಬರಿದಾಗಿತ್ತು. ಹೋದವರೆಲ್ಲ ಎಲ್ಲಿ ಹೋದರು? ದಂಡು ಚದುರಿದ ಮೇಲೆ ಬಂದೂಕಿನ ಕಮ್ಮಾರ, ಡೇರೆ ಹೊಲಿಯುವವನು, ಕುದುರೆ ಲಾಯದ ಆಳು ಏನು ಮಾಡಿ ಹೊಟ್ಟೆ ಹೊರೆದರು? ಅರಮನೆ ಮೈಸೂರಿಗೆ ಹೋಯಿತೆಂದು ಪುಸ್ತಕ ಹೇಳುತ್ತದೆ. ಇವರ ವಿಚಾರ ನಾವು ಕೇಳಬೇಕು.

ಚಿತ್ರ, ಬಾಣ, ಲಾವಣಿ

ಪುಸ್ತಕದ ಹೊರಗೆ ಮಕ್ಕಳಿಗೆ ತೋರಿಸಬಹುದಾದ ಸಾಕ್ಷಿಗಳು ಬಹಳ ಇವೆ. ಪ್ರವಾಸಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಎಲ್ಲ ಶಾಲೆಗಳೂ ಹೋಗುತ್ತವೆ. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರ ಅಲ್ಲಿದೆ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ನುಗ್ಗುವ ಸವಾರರು. ಐದು ನಿಮಿಷದಲ್ಲಿ ನೋಡಿ ಬಸ್ಸು ಹತ್ತುವ ಬದಲು, ಅದರ ಮುಂದೆ ಅರ್ಧ ಗಂಟೆ ಕೂರಿಸಿ. ಈ ಚಿತ್ರವನ್ನು ಬರೆಸಿದವರು ಗೆದ್ದವರು; ಮುಂದೆ ಅದನ್ನು ಮತ್ತೆ ಬಣ್ಣ ಹಾಕಿಸಿ ಉಳಿಸಿದವರು ಅದರಲ್ಲಿ ಸೋತವರ ಕಡೆಯವರು. ಅದರ ಎದುರಿಗೆ ಇನ್ನೊಂದನ್ನು ಇಡಿ: ರಾಬರ್ಟ್ ಕೆರ್ ಪೋರ್ಟರ್ ಎಂಬ ಚಿತ್ರಕಾರ 1800ರಲ್ಲಿ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಪರದೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದ. ಅವನು ಭಾರತಕ್ಕೆ ಬಂದವನೇ ಅಲ್ಲ. ಮೂಲ ಪರದೆ ಉಳಿದಿಲ್ಲ, ಅದರ ಅಚ್ಚುಪ್ರತಿಗಳಿವೆ. ಎರಡನ್ನೂ ನೋಡಿ, ಯಾರು ಚಿತ್ರದಲ್ಲಿಲ್ಲ ಎಂದು ಪಟ್ಟಿ ಮಾಡಿ ಎಂದರೆ ಮಕ್ಕಳ ಪಟ್ಟಿ ಉದ್ದವಾಗುತ್ತದೆ.

ಶಿವಮೊಗ್ಗದ ಕಡೆಯವರಿಗೆ ಇನ್ನೂ ಹತ್ತಿರದ ಸಾಕ್ಷಿಯಿದೆ. 2018ರಲ್ಲಿ ಬಿದನೂರು ನಗರದ ಒಂದು ಬತ್ತಿದ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು, ಅಂದರೆ ಮೈಸೂರು ರಾಕೆಟ್ಟಿನ ಕೊಳವೆಗಳು, ಸಿಕ್ಕವು. ಉದ್ದ 23ರಿಂದ 26 ಸೆಂಟಿಮೀಟರ್. ಮಕ್ಕಳ ಅಳತೆಪಟ್ಟಿಗಿಂತ ಗಿಡ್ಡ. ಇವುಗಳನ್ನು ಕಂಡೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಎಂಬವನು ತನ್ನ ರಾಕೆಟ್ಟುಗಳನ್ನು ತಯಾರಿಸಿದ ಎಂದು ಹೆಮ್ಮೆಯಿಂದ ಹೇಳಿ. ಹೇಳಿದ ಮೇಲೆ, ಆ ಕೊಳವೆಗೆ ಅದಿರು ತಂದವರು, ಇದ್ದಿಲು ಸುಟ್ಟವರು, ತಗಡು ಬಡಿದವರು ಯಾರು ಎಂದೂ ಕೇಳಿಸಿ.

ಉತ್ತರ ಕರ್ನಾಟಕದ ಶಿಕ್ಷಕರಿಗೆ ಲಾವಣಿಯೇ ಆಕರ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಬೇಕೆಂದು ಕಾನೂನು ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯ ಬಂದು ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಆ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿ ಅಚ್ಚುಹಾಕಿಸಿದ. ವೀರಾವೇಶದ ಮಾತು ಮುಗಿದ ಮೇಲೆ ಆ ಹಾಡು ಊರು ಕಳಕೊಂಡದ್ದನ್ನು ಎಣಿಸಲು ಕೂರುತ್ತದೆ: ಕೊಡಲಿ, ನೇಗಿಲ ಕುಡ, ಹಾಲು ಮೊಸರು, ಉಪ್ಪು ಎಣ್ಣೆ, ಅರಿಸಿನ, ಬೆಲ್ಲ, ಗಂಗಳ, ತಾಳಿ, ಬೀಸುವ ಕಲ್ಲು. ಸರ್ಕಾರದ ಕಡತ ಸತ್ತವರ, ಸೆರೆಯಾದವರ ಲೆಕ್ಕ ಇಟ್ಟರೆ, ಹಾಡು ಕಟ್ಟಿದವನು ಅಡುಗೆಮನೆಯ ಲೆಕ್ಕ ಇಟ್ಟ. ಯುದ್ಧ ಮತ್ತು ಜನಜೀವನವನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾವು ಅವನಿಂದ ಕಲಿಯಬೇಕು.

ಕಷ್ಟದ ಪ್ರಶ್ನೆಗಳು

ಟಿಪ್ಪು ಒಳ್ಳೆಯವನೋ ಕೆಟ್ಟವನೋ? ಈ ಪ್ರಶ್ನೆ ಬರದ ತರಗತಿಯಿಲ್ಲ. ಮಂಡ್ಯದ ಮಗು ಮನೆಯಲ್ಲಿ ಕೇಳಿದ ಕತೆ ಬೇರೆ. ಮಡಿಕೇರಿಯ, ಮಂಗಳೂರಿನ ಮಗು ಕೇಳಿದ ಕತೆ ಬೇರೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ನಿಜ. ಕೊಡಗಿನವರನ್ನು ಸೆರೆ ಒಯ್ದದ್ದೂ ನಿಜ. 1791ರಲ್ಲಿ ಮರಾಠಾ ದಂಡಿನ ಸವಾರರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ, ಶಾರದೆಯ ಪುನಃಪ್ರತಿಷ್ಠೆಗೆ 200 ರಹತಿ ನಾಣ್ಯ ಕೊಡಿಸಿ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದವನೂ ಅದೇ ಟಿಪ್ಪು. ಆ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದು ಬೆಳಕು ಕಂಡವು.

ಇವುಗಳಲ್ಲಿ ತನಗೆ ಬೇಕಾದ್ದನ್ನು ಹೇಳಿ ಬೇಡದ್ದನ್ನು ಮುಚ್ಚುವ ಶಿಕ್ಷಕ ಒಂದು ಗುಂಪಿನ ಮಕ್ಕಳನ್ನು ಮನಸ್ಸಿನಲ್ಲೇ ತರಗತಿಯಿಂದ ಹೊರಗೆ ಕಳಿಸುತ್ತಾನೆ. ಯಾವ ವರ್ಷ, ಯಾವ ದಂಡು, ಯಾರು ಏನು ಕಳಕೊಂಡರು, ಅದು ನಮಗೆ ಹೇಗೆ ಗೊತ್ತು ಎಂಬ ನಾಲ್ಕು ಪ್ರಶ್ನೆ ಎಲ್ಲ ಘಟನೆಗೂ ಒಂದೇ ಸಮನಾಗಿ ಹಾಕೋಣ. ಮಗು ತನ್ನ ಮನೆಯ ನೆನಪನ್ನು ಅವಮಾನವಿಲ್ಲದೆ ಮುಂದಿಡಬಹುದು. ಪಕ್ಕದ ಬೆಂಚಿನವನ ನೆನಪನ್ನೂ ಕೇಳಬೇಕಾಗುತ್ತದೆ. ಇನ್ನು ಐದನೆಯ ತರಗತಿಯವರಿಗೆ ರಕ್ತಪಾತದ ವರ್ಣನೆ ಬೇಕಿಲ್ಲ. ಸುಟ್ಟ ಬಣವೆ, ಬಿಟ್ಟುಹೋದ ಮನೆ ಅವರಿಗೆ ಸಾಕು. ಸೆರೆ, ಸಾವು, ನೇಣಿನ ಮಾತು ಪ್ರೌಢಶಾಲೆಯಲ್ಲಿ ಬರಲಿ, ಆಧಾರದ ಸಮೇತ ಬರಲಿ.

ಪ್ರಶ್ನೆಪತ್ರಿಕೆ ಬದಲಾಗಬೇಕು

ಇಷ್ಟೆಲ್ಲ ಮಾಡಲು ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಸಮಯ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಮಾತೇ. ನಾಲ್ಕು ಯುದ್ಧಗಳನ್ನೂ ಇಷ್ಟು ವಿವರವಾಗಿ ಮಾಡಲಾಗದು. ಮೂರನ್ನು ಪುಸ್ತಕದಲ್ಲಿದ್ದಂತೆ ಬೇಗ ಮುಗಿಸಿ, ಒಂದನ್ನು ಮಾತ್ರ ಹೊಟ್ಟೆ, ಎತ್ತು, ಹೊಳೆ, ಮನೆಗಳ ಸಮೇತ ಕಲಿಸಿ. ಯಾವ ಯುದ್ಧ ನಿಮ್ಮ ಊರಿನ ಹತ್ತಿರ ಹಾದುಹೋಗಿದೆಯೋ ಅದನ್ನೇ ಆರಿಸಿ. ದೊಡ್ಡಬಳ್ಳಾಪುರದವರಿಗೆ ನಂದಿದುರ್ಗ, ಮಾಗಡಿಯವರಿಗೆ ಸಾವನದುರ್ಗ, ಬೆಂಗಳೂರಿನವರಿಗೆ ಕೆ. ಆರ್. ಮಾರುಕಟ್ಟೆಯ ಪಕ್ಕದಲ್ಲಿ ಉಳಿದಿರುವ ಕೋಟೆಯ ತುಂಡು. ಒಂದನ್ನು ಚೆನ್ನಾಗಿ ಕಲಿತ ಮಗು ಉಳಿದವಕ್ಕೆ ಪ್ರಶ್ನೆ ಕೇಳುವುದನ್ನು ತಾನೇ ಕಲಿಯುತ್ತದೆ.

ಪಾಠ ಬದಲಾದರೆ ಸಾಲದು. ಮಕ್ಕಳು ಓದುವುದು ಪರೀಕ್ಷೆಯಲ್ಲಿ ಬರುವುದನ್ನೇ. 1792ರ ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳನ್ನು ಬರೆಯಿರಿ ಎಂದು ಇಂದಿಗೂ ಕೇಳುತ್ತೇವೆ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ, ಮೂರು ಅಂಕ. ಮುಂದಿನ ಕಿರುಪರೀಕ್ಷೆಯಲ್ಲಿ ಅದರ ಬದಲು ಹೀಗೆ ಕೇಳಿ ನೋಡಿ: ಆ 3 ಕೋಟಿ 30 ಲಕ್ಷ ರೂಪಾಯಿ ಕೊನೆಗೆ ಯಾರ ಕೈಯಿಂದ ಬಂತು? ಖಜಾನೆಯಿಂದ ಬಂದದ್ದು ಒಂದು ಪಾಲು, ಉಳಿದದ್ದನ್ನು ಸೈನ್ಯ, ಅಧಿಕಾರಿಗಳು ಮತ್ತು ಪ್ರಜೆಗಳ ಮೇಲೆ ಹೊರಿಸಲಾಯಿತು ಎಂದು ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಅಧಿಕಾರಿ ತನ್ನ ಪಾಲನ್ನು ಯಾರಿಂದ ಎತ್ತಿದ, ಅದನ್ನು ಕೊಟ್ಟವನು ಆ ವರ್ಷ ಏನು ಮಾರಿದ ಎಂದು ಮಗು ಯೋಚಿಸಿ ನಾಲ್ಕು ಸಾಲು ಬರೆದರೆ ಸಾಕು, ಪೂರ್ತಿ ಅಂಕ ಕೊಡಿ. ಒಪ್ಪಂದಕ್ಕೆ ಮೊಹರು ಒತ್ತಿದವರು ಬೇರೆ, ಹಣ ತೆತ್ತವರು ಬೇರೆ ಎಂದು ಹದಿನೈದನೆಯ ವಯಸ್ಸಿಗೆ ತಿಳಿದವರು ಮುಂದೆ ಯಾವ ಯುದ್ಧದ ಸುದ್ದಿ ಬಂದರೂ ಲೆಕ್ಕ ಕೇಳುತ್ತಾರೆ.